ಪಾಚಿ ಹಿಡಿದ ಡಬ್ಲ್ಯುಪಿಸಿ ಡೆಕ್: ಕಿತ್ತು ಹಾಕಬೇಕೆ, ಉಳಿಸಿಕೊಳ್ಳಬಹುದೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ತೋಟದ ಮನೆ. ಎರಡು ಕೋಣೆಗಳನ್ನು ಹೋಮ್‌ಸ್ಟೇಗೆ ಕೊಡುತ್ತೇವೆ, ಎಲ್ಲ ನೋಡಿಕೊಳ್ಳುವುದು ನಾನು ಮತ್ತು ನಮ್ಮ ಮನೆಯವರೇ. ಹೋದ ವರ್ಷ ಫೆಬ್ರವರಿಯಲ್ಲಿ ಸಿಟೌಟ್ ಮುಂದೆ 400 ಚದರಡಿ ಡಬ್ಲ್ಯುಪಿಸಿ (ಮರದ ಹುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಡೆಕ್ ಹಾಕಿಸಿದೆವು. ‘ಮರದ ಹಾಗೇ ಕಾಣುತ್ತೆ, ಗೆದ್ದಲು ಹಿಡಿಯಲ್ಲ, ಪಾಲಿಶ್ ಬೇಡ, ಮೇಂಟೆನೆನ್ಸ್ ಅನ್ನೋದೇ ಇಲ್ಲ’ ಎಂದು ಅಂಗಡಿಯವರು ಹೇಳಿದ್ದರು. ಮೊದಲ ಮಳೆಗಾಲಕ್ಕೇ ಹಸಿರು ಪಾಚಿ ಬಂತು, ಈ ವರ್ಷ ಕಪ್ಪು ಚುಕ್ಕೆಗಳು. ಆಗಸ್ಟಿನಲ್ಲಿ ಗೆಸ್ಟ್ ಒಬ್ಬರು ಜಾರಿ ಬಿದ್ದು ಮಣಿಕಟ್ಟಿಗೆ ಪೆಟ್ಟಾಯಿತು. ಅಂಗಡಿಯವರನ್ನು ಕೇಳಿದರೆ ‘ಕೊಡಗಿನ ಮಳೆಗೆ ನಾವೇನು ಮಾಡೋಣ, ತೊಳೀತಾ ಇರಿ’ ಅನ್ನುತ್ತಾರೆ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇದಕ್ಕೂ ಹೊಡೆಯಬಹುದೆ? ಮೇಲೆ ಬಳಿಯಲು ಕೋಟಿಂಗ್ ಏನಾದರೂ ಇದೆಯೆ? ಎಲ್ಲ ಕಿತ್ತು ಮರವನ್ನೇ ಹಾಕಿಸಲೆ? ವಿರಾಜಪೇಟೆಯಲ್ಲಿ ನನ್ನ ತಂಗಿಯೂ ಇದನ್ನೇ ಹಾಕಿಸಲು ಹೊರಟಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ಕೀಳಬೇಡಿ. ಬೋರ್ಡೋವನ್ನೂ ಹೊಡೆಯಬೇಡಿ. ನೀವು ಕಳಿಸಿದ ಫೋಟೊಗಳನ್ನು ನೋಡಿದರೆ ಹಲಗೆಗಳು ಇನ್ನೂ ಗಟ್ಟಿಯಾಗಿವೆ. ಕೆಟ್ಟಿರುವುದು ಮೇಲ್ಮೈ. ಅದಕ್ಕಿಂತ ಹೆಚ್ಚಾಗಿ, ಹಲಗೆಯ ಕೆಳಗೆ ಮಾಡಿರುವ ಕೆಲಸವೇ ಸರಿಯಿಲ್ಲ. ಎರಡನ್ನೂ ಸರಿಮಾಡಬಹುದು. ಆದರೆ ಮಾಡಿದ ಮೇಲೂ ಈ ಡೆಕ್ ವರ್ಷಕ್ಕೊಮ್ಮೆ ಚೆನ್ನಾಗಿ ತೊಳೆಸಿಕೊಳ್ಳುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಜ್ಜಿಸಿಕೊಳ್ಳುತ್ತದೆ. ಈ ಮಾತನ್ನು ಹಣ ಕೊಡುವ ಮೊದಲೇ ನಿಮಗೆ ಹೇಳಬೇಕಿತ್ತು. ಹೇಳದೆ ಮಾರಿದ್ದು ತಪ್ಪು, ಆ ಬಗ್ಗೆ ನನಗೆ ಎರಡು ಅಭಿಪ್ರಾಯ ಇಲ್ಲ. ನಾಪೋಕ್ಲಿನಲ್ಲಿ ಕೂತು ‘ಮೇಂಟೆನೆನ್ಸ್ ಇಲ್ಲ’ ಎಂದು ಹೊರಾಂಗಣದ ಸಾಮಾನು ಮಾರುವವರಿಗೆ ಜೂನ್ ತಿಂಗಳು ಹೇಗಿರುತ್ತದೆಂದು ಗೊತ್ತಿಲ್ಲದೆ ಇಲ್ಲ.

ಡಬ್ಲ್ಯುಪಿಸಿ ಎಂದರೆ ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಬಿಸಿಯಲ್ಲಿ ಅಚ್ಚಿನಿಂದ ಹೊರದೂಡಿದ ಹಲಗೆ. ಡೆಕ್ಕಿಗೆ ಬಳಸುವುದರಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಮರದ ಹುಡಿ ಇರುತ್ತದೆ. ಉಳಿದದ್ದು ಪಾಲಿಥೀನ್ ಜಾತಿಯ ಪ್ಲಾಸ್ಟಿಕ್, ಬಣ್ಣ ಮತ್ತು ಕೆಲವು ರಾಸಾಯನಿಕಗಳು. ಪ್ರತಿ ಮರದ ಕಣವನ್ನೂ ಪ್ಲಾಸ್ಟಿಕ್ ಸುತ್ತುವರಿದಿರುತ್ತದೆ, ಆದ್ದರಿಂದ ನೀರು ತಾಗುವುದೇ ಇಲ್ಲ ಎಂದು ಮೊದಮೊದಲು ತಯಾರಕರೇ ನಂಬಿದ್ದರು. ಹಾಗೆ ಆಗುವುದಿಲ್ಲ. ಕಡಲೆ ಚಿಕ್ಕಿಯನ್ನು ಮುರಿದರೆ ಬೆಲ್ಲದ ಅಂಚಿನಲ್ಲಿ ಬೀಜ ಹೊರಗೆ ಕಾಣುತ್ತದಲ್ಲ, ಹಲಗೆಯ ಮೇಲ್ಮೈಯನ್ನು ಉಜ್ಜಿ ಗೆರೆ ಎಳೆದಾಗ, ತುದಿ ಕತ್ತರಿಸಿದಾಗ ಮರದ ಕಣಗಳು ಹಾಗೇ ಬಯಲಿಗೆ ಬರುತ್ತವೆ. ನೀರು ಅಲ್ಲಿಂದ ನಿಧಾನಕ್ಕೆ ಒಳಹೋಗುತ್ತದೆ, ಒಣಗುವುದು ಅದಕ್ಕಿಂತ ನಿಧಾನ. ಅಮೆರಿಕದ ಫ್ಲಾರಿಡಾದಲ್ಲಿ ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶದ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಕಾಲುದಾರಿಗೆ ಹಾಕಿದ್ದ ಇಂಥ ಹಲಗೆಗಳಲ್ಲಿ ಮರ ಕೊಳೆಸುವ ಶಿಲೀಂಧ್ರ ಬೆಳೆದಿದೆ ಎಂದು ವಿಜ್ಞಾನಿಗಳು 1998ರಲ್ಲೇ ವರದಿ ಮಾಡಿದರು. ಅದರ ನಂತರ ಒಳ್ಳೆಯ ತಯಾರಕರು ಮಿಶ್ರಣಕ್ಕೆ ಶಿಲೀಂಧ್ರ ತಡೆಯುವ ಜಿಂಕ್ ಬೋರೇಟ್ ಸೇರಿಸತೊಡಗಿದರು. 2010ರ ಹೊತ್ತಿಗೆ ಹಲಗೆಯ ಸುತ್ತ ಮರದ ಹುಡಿಯಿಲ್ಲದ ಪ್ಲಾಸ್ಟಿಕ್ ಪದರ ಹೊದಿಸಿದ ‘ಕ್ಯಾಪ್ಡ್’ ಹಲಗೆಗಳೂ ಬಂದವು. ನಿಮ್ಮದು ಅಂಥ ಹೊದಿಕೆ ಇಲ್ಲದ ಹಳೆಯ ಬಗೆ. ಕತ್ತರಿಸಿದ ತುದಿಯ ಫೋಟೊದಲ್ಲಿ ಅಂಚಿನಿಂದ ನಡುವಿನವರೆಗೂ ಒಂದೇ ಬಗೆಯ ಕಂದು ಪುಡಿ ಕಾಣುತ್ತಿದೆ.

ಗೆದ್ದಲು ಹಿಡಿಯುವುದಿಲ್ಲ, ಪಾಲಿಶ್ ಬೇಡ ಎಂದು ಅಂಗಡಿಯವರು ಹೇಳಿದ್ದು ಬಹುಮಟ್ಟಿಗೆ ಸರಿಯೇ. ಅವರು ಹೇಳದೆ ಬಿಟ್ಟದ್ದು ಹಲಗೆಯ ಮೇಲೆ ಬೆಳೆಯುವುದರ ವಿಷಯ. ಪಾಚಿಗೆ ಹಲಗೆಯಿಂದ ಆಹಾರ ಬೇಡ. ಒದ್ದೆ, ಬೆಳಕು, ಸ್ವಲ್ಪ ಧೂಳು ಸಾಕು. ಗಾಜಿನ ಹೆಂಚಿನ ಮೇಲೂ ಅದು ಬೆಳೆಯುವುದನ್ನು ನಿಮ್ಮ ಮನೆಯಲ್ಲೇ ನೋಡಿರುತ್ತೀರಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮೀರಿ ಮಳೆ. ಭಾಗಮಂಡಲದ ಕಡೆ ಇನ್ನೂ ಬಹಳ ಹೆಚ್ಚು. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಬೀಳುವುದಿಲ್ಲ. ಅದೇ ಹಲಗೆ ಕುಶಾಲನಗರದಲ್ಲಿ ಚೆನ್ನಾಗಿರುತ್ತದೆ, ನಿಮ್ಮಲ್ಲಿ ಹಸಿರಾಗುತ್ತದೆ. ಮಳೆಯ ಪ್ರಮಾಣಕ್ಕಿಂತಲೂ ಕಾಡುವುದು ಕಕ್ಕಡದಲ್ಲಿ (ಜುಲೈ-ಆಗಸ್ಟ್) ವಾರಗಟ್ಟಲೆ ಬಿಸಿಲೇ ಕಾಣದೆ ಯಾವುದೂ ಒಣಗದಿರುವುದು. ರಾತ್ರಿ ಸುರಿದು ಬೆಳಗ್ಗೆ ಬಿಸಿಲು ಬರುವ ಊರಿನಲ್ಲಿ ಪಾಚಿ ಇಷ್ಟು ದಪ್ಪ ಕಟ್ಟುವುದಿಲ್ಲ.

ಈಗ ನಿಮ್ಮ ಡೆಕ್ ಮೇಲಿನ ಕಲೆಗಳು. ಫೋಟೊದಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ, ಮೂರಕ್ಕೂ ಮದ್ದು ಒಂದೇ ಅಲ್ಲ. ಹಸಿರು ಲೋಳೆ ಪಾಚಿ. ಅದು ಮೇಲೆಯೇ ಇರುತ್ತದೆ, ಉಜ್ಜಿದರೆ ಹೋಗುತ್ತದೆ, ಗೆಸ್ಟ್ ಜಾರಿದ್ದು ಅದರಿಂದಲೇ. ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆಗಳು ಬೂಷ್ಟು. ಅದು ಬಯಲಾದ ಮರದ ಕಣಗಳನ್ನೂ ಬಿದ್ದ ಪರಾಗ, ಎಲೆಪುಡಿಯನ್ನೂ ತಿಂದು ಬೆಳೆಯುತ್ತದೆ, ಸ್ವಲ್ಪ ಒಳಗೂ ಇಳಿದಿರುತ್ತದೆ. ಇನ್ನು ಮೆಟ್ಟಿಲ ಹತ್ತಿರ ಇರುವ ಕೆಂಪು ಮಿಶ್ರಿತ ಕಪ್ಪು ಚುಕ್ಕೆಗಳ ಗುಂಪು ನನ್ನ ಪ್ರಕಾರ ತುಕ್ಕು. ಹಲಗೆಯ ಅಡಿಗೆ ಹಾಕುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಅಲ್ಲೇ ಇಟ್ಟು ಕಟಿಂಗ್ ಮೆಷಿನ್‌ನಿಂದ ಕತ್ತರಿಸಿದ್ದಾರೆ, ಕಬ್ಬಿಣದ ಕಿಡಿಗಳು ಹಲಗೆಗೆ ಅಂಟಿಕೊಂಡಿವೆ. ಸಂಶಯವಿದ್ದರೆ ಮೂಲೆಯ ಒಂದು ಚುಕ್ಕೆಯ ಮೇಲೆ ಬಟ್ಟೆಗೆ ಹಾಕುವ ಬ್ಲೀಚ್ ಒಂದು ಹನಿ ಬಿಟ್ಟು ಕೆಲವು ನಿಮಿಷ ಕಾಯಿರಿ. ಬಣ್ಣ ಬಿಟ್ಟರೆ ಬೂಷ್ಟು, ಹಾಗೇ ಉಳಿದರೆ ತುಕ್ಕು ಅಥವಾ ಎಲೆಯ ಒಗರಿನ ಕಲೆ. ಮೊದಲ ಮಳೆಯಲ್ಲಿ ಗೋಡೆಯ ಬುಡಕ್ಕೆ ಚಹಾ ಬಣ್ಣದ ನೀರು ಇಳಿಯಿತು ಎಂದು ಬರೆದಿದ್ದೀರಿ. ಅದು ಮರದ ಹುಡಿಯ ಒಗರು. ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ, ಆ ಬಗ್ಗೆ ಚಿಂತೆ ಬೇಡ.

ನನಗೆ ಹೆಚ್ಚು ಬೇಸರವಾದದ್ದು ಡೆಕ್ಕಿನ ಪಕ್ಕದಿಂದ ತೆಗೆದ ಫೋಟೊ ನೋಡಿ. ಕಾಂಕ್ರೀಟಿನ ಮೇಲೆ ಪೈಪುಗಳನ್ನು ನೇರ ಮಲಗಿಸಿ ಅದರ ಮೇಲೆ ಹಲಗೆ ಬಡಿದಿದ್ದಾರೆ. ಹಲಗೆಗೂ ನೆಲಕ್ಕೂ ಒಂದು ಇಂಚಿನ ಜಾಗ. ಕಾಂಕ್ರೀಟಿನ ಇಳಿಜಾರು ಅಂಗಳದ ಕಡೆಗಿದೆ, ಪೈಪುಗಳು ಗೋಡೆಗೆ ಸಮಾನಾಂತರವಾಗಿ ಓಡುತ್ತವೆ. ಅಂದರೆ ಇಳಿದು ಹೋಗಬೇಕಾದ ನೀರಿಗೆ ಪ್ರತಿ ಪೈಪೂ ಅಡ್ಡ. ಎರಡು ಪೈಪುಗಳ ನಡುವೆ ನೀರು ನಿಂತು ಕೊಳೆಯುತ್ತದೆ. ಅದು ಸಾಲದು ಎಂಬಂತೆ, ಚಂದ ಕಾಣಲಿ ಎಂದು ಮೂರು ಬದಿಗೂ ಅಂಚುಪಟ್ಟಿ ಹೊಡೆದು ಮುಚ್ಚಿದ್ದಾರೆ. ಗಾಳಿ ಹೊಗಲು ದಾರಿಯೇ ಇಲ್ಲ. ಈ ಹಲಗೆಗಳಿಗೆ ಮೇಲಿನಿಂದ ನಾಲ್ಕು ತಿಂಗಳು ಮಳೆ, ಕೆಳಗಿನಿಂದ ವರ್ಷಪೂರ್ತಿ ಆವಿ. ಇಂಥ ಕೆಲಸದ ಮೇಲೆ ಅತ್ಯಂತ ದುಬಾರಿ ಹಲಗೆ ಹಾಕಿದ್ದರೂ ಬೂಷ್ಟು ಬರುತ್ತಿತ್ತು.

ಹಾಗಾಗಿ ಮೊದಲು ಆಗಬೇಕಾದ್ದು ಬಡಗಿಯ ಕೆಲಸ, ತೊಳೆಯುವುದು ಆಮೇಲೆ. ಅಂಚುಪಟ್ಟಿಗಳನ್ನು ಇವತ್ತೇ ಬಿಚ್ಚಿಸಿ. ಅದೊಂದರಿಂದಲೇ ಕೆಳಗೆ ಗಾಳಿ ಆಡತೊಡಗುತ್ತದೆ. ಹಲಗೆ ಬಿಚ್ಚುವುದು ಮಾತ್ರ ಅಂಗಡಿಯವರ ಉತ್ತರ ಬಂದ ಮೇಲೆ, ಆ ವಿಷಯ ಮುಂದೆ ಹೇಳುತ್ತೇನೆ. ಹಲಗೆಗಳನ್ನು ಕ್ಲಿಪ್ಪಿನಲ್ಲಿ ಕೂರಿಸಿರುವುದರಿಂದ ನಡುವಿನದನ್ನು ಮಾತ್ರ ತೆಗೆಯಲು ಬರುವುದಿಲ್ಲ. ಹೊರಗಿನ ಅಂಚಿನಿಂದ ಒಂದೊಂದೇ ಬಿಚ್ಚುತ್ತಾ, ಮತ್ತೆ ಅದೇ ಜಾಗಕ್ಕೆ ಹಾಕಲು ಹಿಂಬದಿಗೆ ನಂಬರು ಬರೆಯುತ್ತಾ ಹೋಗಬೇಕು. ಪೈಪುಗಳನ್ನು ಎತ್ತಿ ಅವುಗಳ ಕೆಳಗೆ ಎರಡಡಿಗೊಂದರಂತೆ ಗಟ್ಟಿ ರಬ್ಬರ್ ಅಥವಾ ಪ್ಲಾಸ್ಟಿಕ್ ಪ್ಯಾಕಿಂಗ್ ಇಡಿಸಿ. ನೀರು ಪೈಪಿನ ಅಡಿಯಿಂದ ಹರಿದು ಹೋಗಬೇಕು. ಸಿಟೌಟಿನ ಮಟ್ಟ ಒಪ್ಪುವುದಾದರೆ ಒಟ್ಟು ಎತ್ತರವನ್ನು ಎರಡೂವರೆ ಇಂಚಿಗಾದರೂ ತನ್ನಿ. ಪೈಪುಗಳ ನಡುವಿನ ಅಂತರ 300 ಮಿಲಿಮೀಟರ್ ಆಸುಪಾಸಿನಲ್ಲಿರಲಿ. ಹೆಚ್ಚಿದ್ದರೆ ಹಲಗೆ ಬಾಗಿ ನಡುವೆ ನೀರು ನಿಲ್ಲುತ್ತದೆ. ಹಲಗೆ ಹಲಗೆಯ ನಡುವೆ 5-6 ಮಿಲಿಮೀಟರ್ ಸಂದು ಬಿಡಿಸಿ. ನಿಮ್ಮಲ್ಲಿ ಈಗಿರುವ ಸಂದಿನಲ್ಲಿ ಸಿಲ್ವರ್ ಓಕ್ ಎಲೆಯ ಚೂರುಗಳು ಸಿಕ್ಕಿಕೊಂಡು ಬತ್ತಿ ಹಾಕಿದಂತೆ ಮುಚ್ಚಿಹೋಗಿವೆ. ತುದಿಗಳಲ್ಲೂ ಜಾಗ ಬೇಕು. ಈ ವಸ್ತು ಬಿಸಿಲಿಗೆ ಉದ್ದವಾಗುತ್ತದೆ, ಮೂರು ಮೀಟರಿನ ಹಲಗೆ ಫೆಬ್ರವರಿಯ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಹಿಗ್ಗಬಲ್ಲದು. ಬಿಚ್ಚಿದಾಗ ಪ್ರತಿ ಹಲಗೆಯ ಅಡಿಯನ್ನೂ ಸ್ಕ್ರೂ ಡ್ರೈವರ್ ಮೊನೆಯಿಂದ ಒತ್ತಿ ನೋಡಿ. ಮೆತ್ತಗೆ ಇಳಿದರೆ ಆ ಹಲಗೆ ಕೊಳೆಯಲು ಶುರುವಾಗಿದೆ, ಅದನ್ನು ಬದಲಿಸಲೇಬೇಕು. ಇಳಿಯದಿದ್ದರೆ ಇನ್ನೂ ಬಹುಕಾಲ ಬಾಳುತ್ತದೆ.

ತೊಳೆಯಲು ಸೋಡಿಯಂ ಪರ್‌ಕಾರ್ಬೊನೇಟ್ ತನ್ನಿ. ‘ಆಕ್ಸಿಜನ್ ಬ್ಲೀಚ್’ ಎಂಬ ಹೆಸರಿನಲ್ಲೂ ಸಿಗುವ ಬಿಳಿ ಪುಡಿ ಇದು. ನೀರಿಗೆ ಬಿದ್ದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50-60 ಗ್ರಾಂ ಸಾಕು. ಕಲಸಿದ್ದನ್ನು ಆಗಲೇ ಬಳಸಬೇಕು, ಮುಚ್ಚಿದ ಬಾಟಲಿಯಲ್ಲಿ ಇಟ್ಟರೆ ಗ್ಯಾಸ್ ತುಂಬಿ ಸಿಡಿಯಬಹುದು. ಮೋಡ ಇರುವ ಬೆಳಗ್ಗೆ ಡೆಕ್ಕನ್ನು ಗುಡಿಸಿ, ಒದ್ದೆ ಮಾಡಿ, ಮೇಲೆ ಸುರಿದು ಕಾಲು ಗಂಟೆ ಬಿಡಿ. ಒಣಗಲು ಬಿಡಬೇಡಿ, ಬೇಕಾದರೆ ನೀರು ಚಿಮುಕಿಸಿ. ಆಮೇಲೆ ಗಟ್ಟಿ ನೈಲಾನ್ ಬ್ರಷ್‌ನಿಂದ ಹಲಗೆಯ ಗೆರೆ ಹೋದ ದಿಕ್ಕಿಗೇ ಉಜ್ಜಿ, ಧಾರಾಳ ನೀರಿನಿಂದ ತೊಳೆಯಿರಿ. ತಂತಿ ಬ್ರಷ್ ಬೇಡವೇ ಬೇಡ. ಹಳೆಯ ಚುಕ್ಕೆಗಳಿಗೆ ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕಾಗುತ್ತದೆ. ತುಕ್ಕಿನ ಕಲೆಗೆ ಇದು ಕೆಲಸ ಮಾಡುವುದಿಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್, ಲೀಟರಿಗೆ 30-40 ಗ್ರಾಂ, ಕಲೆಯ ಮೇಲೆ ಮಾತ್ರ ಹಚ್ಚಿ ಹತ್ತು ನಿಮಿಷದಲ್ಲಿ ತೊಳೆದುಬಿಡಿ. ಇದು ವಿಷ. ಗ್ಲೌಸು, ಕನ್ನಡಕ ಹಾಕಿಕೊಳ್ಳಿ, ನಾಯಿಗಳನ್ನು ಕಟ್ಟಿಹಾಕಿ, ತೊಳೆದ ನೀರು ಕೆರೆಗೋ ಮೀನಿನ ಹೊಂಡಕ್ಕೋ ಹೋಗದಂತೆ ನೋಡಿ. ಎರಡನ್ನೂ ಒಂದೇ ದಿನ ಹಾಕಬೇಡಿ, ಯಾವುದನ್ನೂ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚಿನೊಡನೆ ಬೆರೆಸಬೇಡಿ.

ಬೋರ್ಡೋ ಏಕೆ ಬೇಡ ಎಂದರೆ, ಅದು ಮೈಲುತುತ್ತ ಮತ್ತು ಸುಣ್ಣ. ಕಾಫಿಯ ಎಲೆ ತುಕ್ಕಿಗೂ ಮೆಣಸಿನ ಸೊರಗು ರೋಗಕ್ಕೂ ಅದು ಕೆಲಸ ಮಾಡುವುದು ಎಲೆಯ ಮೇಲೆ ತಾಮ್ರದ ಪದರ ಕಟ್ಟಿ, ಹೊಸದಾಗಿ ಬಿದ್ದ ರೋಗದ ಕಣ ಮೊಳೆಯದಂತೆ ತಡೆದು. ಆಗಲೇ ಬೇರೂರಿದ ಬೂಷ್ಟಿನ ಕಲೆಯನ್ನು ಅದು ತೆಗೆಯುವುದಿಲ್ಲ. ಡೆಕ್ ಮೇಲೆ ನೀಲಿ ಬಿಳುಪಿನ ಕಲೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ತಾಮ್ರದ ನೀರು ಸಂದಿನಿಂದ ಇಳಿದು ಜಿಐ ಪೈಪಿನ ಸತುವಿನ ಲೇಪವನ್ನು ಬೇಗ ತಿನ್ನುತ್ತದೆ. ಕ್ಲಿಪ್ಪುಗಳು ಅಲ್ಯೂಮಿನಿಯಂ ಆಗಿದ್ದರೆ ಅವೂ ಹೋದವು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಪಾಚಿಯನ್ನು ಕೊಲ್ಲುತ್ತದೆ ನಿಜ, ಆದರೆ ಹಲಗೆಯ ಬಣ್ಣ ಅಲ್ಲಲ್ಲಿ ಬಿಳಚಿಕೊಳ್ಳುತ್ತದೆ, ಕ್ಲಿಪ್ಪು ಸ್ಕ್ರೂಗಳಿಗೂ ಒಳ್ಳೆಯದಲ್ಲ. ಕಾರು ತೊಳೆಯುವ ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಮೇಲಿನ ಪ್ಲಾಸ್ಟಿಕ್ ಹರಿದು ಮರದ ಎಳೆಗಳು ಎದ್ದು ನಿಲ್ಲುತ್ತವೆ. ಆ ದಿನ ಹೊಸದರಂತೆ ಕಾಣುತ್ತದೆ, ಮುಂದಿನ ಮಳೆಗಾಲದಲ್ಲಿ ಮೊದಲಿಗಿಂತ ಹೆಚ್ಚು ಬೂಷ್ಟು ಹಿಡಿಯುತ್ತದೆ.

ಕೋಟಿಂಗ್ ವಿಷಯದಲ್ಲಿ ಎಚ್ಚರವಾಗಿರಿ. ಅಂಗಡಿಯವರು ಮುಂದಿನ ಸಲ ಇದನ್ನೇ ಮಾರಲು ಬರಬಹುದು. ಪಾಲಿಥೀನಿಗೆ ವಾರ್ನಿಷ್, ಪಿಯು (ಪಾಲಿಯುರೆಥೇನ್) ಲೇಪ ಯಾವುದೂ ಸರಿಯಾಗಿ ಅಂಟುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಸಿಪ್ಪೆ ಎದ್ದು, ಅದರಡಿ ನೀರು ಸೇರುತ್ತದೆ. ಅಗಸೆ ಎಣ್ಣೆ, ಟೀಕ್ ಆಯಿಲ್ ಬಳಿದರೆ ಬೂಷ್ಟಿಗೆ ಆಹಾರ ಹಾಕಿದ ಹಾಗೆ. ಡಬ್ಲ್ಯುಪಿಸಿಗೆಂದೇ ಮಾಡಿದ, ಒಳಗೆ ಇಂಗುವ ಸೀಲರ್‌ಗಳು ಇವೆ, ನಿಮ್ಮಂಥ ಹೊದಿಕೆಯಿಲ್ಲದ ಹಲಗೆಗೆ ಸ್ವಲ್ಪ ಉಪಯೋಗವೂ ಆಗುತ್ತದೆ. ಆದರೆ ಒಮ್ಮೆ ಶುರುಮಾಡಿದರೆ ಎರಡು ಮೂರು ವರ್ಷಕ್ಕೊಮ್ಮೆ ಬಳಿಯುತ್ತಲೇ ಇರಬೇಕು. ಪಾಲಿಶ್ ಕಾಟ ಬೇಡವೆಂದು ಇದನ್ನು ತಂದವರು ನೀವು. ಕೆಳಗಿನ ಗಾಳಿಯನ್ನು ಸರಿಮಾಡಿ ಒಂದು ಮಳೆಗಾಲ ನೋಡಿ, ಆಮೇಲೆ ಯೋಚಿಸಿ.

ತುಲಾ ಸಂಕ್ರಮಣ ಕಳೆದಿದೆ. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಗೆ ಮೊದಲು ಬಡಗಿಯ ಕೆಲಸವೂ ದೊಡ್ಡ ತೊಳೆತವೂ ಮುಗಿದರೆ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಇದರ ಚಿಂತೆ ಇರುವುದಿಲ್ಲ. ಮುಂದೆಯೂ ವರ್ಷದ ತೊಳೆತವನ್ನು ಇದೇ ಹೊತ್ತಿಗೆ ಇಟ್ಟುಕೊಳ್ಳಿ. ಮೇ ಕೊನೆಯಲ್ಲಿ ಸಂದುಗಳಲ್ಲಿ ಸಿಕ್ಕ ಎಲೆಯನ್ನೆಲ್ಲ ತೆಳ್ಳನೆ ಪಟ್ಟಿಯಿಂದ ಕೆರೆದು ತೆಗೆಯಿರಿ. ಜೂನಿನಿಂದ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದಿನವರೆಗೆ ವಾರಕ್ಕೊಮ್ಮೆ ಮಳೆ ಬೀಳುತ್ತಿರುವಾಗಲೇ ತೆಂಗಿನ ಕಡ್ಡಿ ಪೊರಕೆಯಿಂದ ಒತ್ತಿ ಗುಡಿಸಿದರೆ ಸಾಕು, ಪಾಚಿ ದಪ್ಪ ಕಟ್ಟುವುದಿಲ್ಲ. ಅರ್ಧ ಗಂಟೆಯ ಕೆಲಸ. ಹೂಕುಂಡಗಳನ್ನು ಡೆಕ್ ಮೇಲಿಂದ ತೆಗೆದು ಕಲ್ಲಿನ ಮೇಲಿಡಿ. ನಿಮ್ಮ ಫೋಟೊದಲ್ಲಿ ಅತಿ ಕಪ್ಪಾದ ಜಾಗ ಆಂಥೂರಿಯಂ ಕುಂಡಗಳ ಸುತ್ತಲೇ ಇದೆ. ರಬ್ಬರ್ ತಳದ ಮ್ಯಾಟೂ ಬೇಡ. ಗೆಸ್ಟುಗಳು ನಡೆಯುವ ದಾರಿಗೆ ಮರಳು ಕಾಗದದಂಥ ಜಾರದ ಪಟ್ಟಿಗಳನ್ನು ಈಗಲೇ ಅಂಟಿಸಿ, ಮುಂದಿನ ಮಳೆಗಾಲಕ್ಕೆ ಕಾಯಬೇಡಿ. ಒಬ್ಬರು ಆಗಲೇ ಬಿದ್ದಿದ್ದಾರೆ. ಇನ್ನೊಬ್ಬರು ಬಿದ್ದರೆ ಹಲಗೆ ಮಾರಿದವರನ್ನು ಯಾರೂ ಕೇಳುವುದಿಲ್ಲ, ನಿಮ್ಮನ್ನೇ ಕೇಳುತ್ತಾರೆ.

ಮರ ಹಾಕಿಸಲೆ ಎಂದು ಕೇಳಿದ್ದೀರಿ. ನಿಮ್ಮ ಕುಟುಂಬದ ಹಳೆಯ ಐನ್‌ಮನೆಯನ್ನೇ ಒಮ್ಮೆ ನೆನಪಿಸಿಕೊಳ್ಳಿ. ಕೈಯಾಲೆಯ (ಮುಂದಿನ ಜಗಲಿಯ) ಕಂಬಗಳು, ಕೂರುವ ಐಮರ ಎಲ್ಲ ತಲೆಮಾರುಗಳಿಂದ ಹಾಗೇ ಇವೆ. ಅವು ಒಳ್ಳೆಯ ಮರ ಎನ್ನುವುದು ಒಂದು ಕಾರಣ, ಸೂರಿನ ಒಳಗೆ ಇವೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು, ಅಲ್ಲಿಯೂ ಮರದ ಕೆಲಸವೆಲ್ಲ ಮಾಡಿನ ನೆರಳಿನಲ್ಲಿದೆ. ಮಳೆ ನೇರ ಬೀಳುವ ಜಾಗಕ್ಕೆ ಹಿಂದಿನವರು ಕಲ್ಲು ಹಾಕುತ್ತಿದ್ದರು. ತೇಗವನ್ನೇ ತಂದು ಬಯಲಿನಲ್ಲಿ ಹಾಸಿದರೂ ಅದಕ್ಕೂ ಪಾಚಿ ಬರುತ್ತದೆ, ಮೇಲೆ ವರ್ಷವರ್ಷ ಎಣ್ಣೆ ಬೇಕು. ಆದ್ದರಿಂದ ಖರ್ಚು ಮಾಡುವ ಮನಸ್ಸಿದ್ದರೆ ಸೂರಿಗೆ ಮಾಡಿ. ಸಿಟೌಟಿನ ಸೂರನ್ನು ಐದಾರು ಅಡಿ ಮುಂದೆ ತಂದು ಗಟರ್ ಹಾಕಿಸಿದರೆ ಡೆಕ್ಕಿನ ಹೆಚ್ಚಿನ ಭಾಗ ಎರಚಲಿಗೆ ಮಾತ್ರ ಸಿಗುತ್ತದೆ. ಸೂರಿನ ಹನಿ ಬೀಳುವ ಹೊರಗಿನ ಪಟ್ಟಿಯಿಂದ ಆರೇಳು ಹಲಗೆ ತೆಗೆದು ಒರಟು ಗ್ರಾನೈಟ್ ಚಪ್ಪಡಿ ಹಾಸಿಸಿ. ತೆಗೆದ ಹಲಗೆಗಳು ಒಳಗಿನ ಕೆಟ್ಟವುಗಳ ಬದಲಿಗೆ ಆಗುತ್ತವೆ. ಗ್ರಾನೈಟಿಗೂ ಪಾಚಿ ಬರುತ್ತದೆ, ಆದರೆ ಅದನ್ನು ಹೇಗೆ ಉಜ್ಜಿದರೂ ತಡೆದುಕೊಳ್ಳುತ್ತದೆ.

ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಬಿಲ್ಲು, ಕ್ಯಾಟಲಾಗು, ವಾಟ್ಸಾಪ್ ಮಾತುಕತೆ ಎಲ್ಲ ಒಂದೆಡೆ ಇಡಿ. ವಾರಂಟಿ ಕಾರ್ಡನ್ನು ಸಣ್ಣ ಅಕ್ಷರದವರೆಗೂ ಓದಿ, ಹೆಚ್ಚಿನವುಗಳಲ್ಲಿ ಬೂಷ್ಟನ್ನು ಹೊರಗಿಟ್ಟಿರುತ್ತಾರೆ. ಹಾಗಾಗಿ ನಿಮ್ಮ ಪತ್ರದಲ್ಲಿ ಎರಡು ವಿಷಯಕ್ಕೆ ಒತ್ತು ಕೊಡಿ: ‘ಮೇಂಟೆನೆನ್ಸ್ ಇಲ್ಲ’ ಎಂದು ಹೇಳಿ ಮಾರಿದ್ದು, ಮತ್ತು ಗಾಳಿ, ನೀರಿನ ದಾರಿ ಬಿಡದೆ ಕೂರಿಸಿದ್ದು. ಎರಡನೆಯದು ಹೆಚ್ಚು ಗಟ್ಟಿ. ತಯಾರಕರ ಅಳವಡಿಕೆ ಕೈಪಿಡಿಯಲ್ಲೇ ಇಳಿಜಾರು, ಸಂದು, ಗಾಳಿಯ ಅಳತೆ ಇರುತ್ತದೆ, ಅದನ್ನು ತರಿಸಿ ಫೋಟೊದ ಜೊತೆ ಲಗತ್ತಿಸಿ. ಹಣ ವಾಪಸು ಕೇಳುವ ಬದಲು ಕೆಳಗಿನ ಕೆಲಸವನ್ನು ಅವರ ಖರ್ಚಿನಲ್ಲಿ ಮತ್ತೆ ಮಾಡಿಕೊಡಿ ಎಂದು ಕೇಳಿ, ಒಪ್ಪುವ ಸಾಧ್ಯತೆ ಜಾಸ್ತಿ. ಅವರು ಉತ್ತರಿಸುವವರೆಗೆ ಹಲಗೆ ಬಿಚ್ಚಬೇಡಿ, ಅಂಚುಪಟ್ಟಿ ತೆಗೆದು ಒಳಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ನಂತರ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಗಡುವಿದೆ. ಖರೀದಿಯ ದಿನದಿಂದ ಲೆಕ್ಕ ಹಿಡಿದರೆ ನಿಮಗೆ ಬರುವ ಫೆಬ್ರವರಿಯವರೆಗೆ ಮಾತ್ರ ಸಮಯ. ಹೋಮ್‌ಸ್ಟೇ ಇರುವುದರಿಂದ ‘ಇದು ವ್ಯಾಪಾರಕ್ಕೆ ಕೊಂಡದ್ದು, ಇವರು ಗ್ರಾಹಕರಲ್ಲ’ ಎಂದು ಅವರು ವಾದಿಸಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಈ ಒಂದು ಅಂಶವನ್ನು ವಕೀಲರಿಗೆ ತೋರಿಸಿಯೇ ದೂರು ಬರೆಯಿರಿ.

ನಿಮ್ಮ ತಂಗಿಗೆ ಹೇಳಿ: ಮಾಡಿನ ಅಡಿಗಾದರೆ ಧೈರ್ಯವಾಗಿ ಹಾಕಿಸಲಿ. ಬಯಲಿಗಾದರೆ ನಾಲ್ಕೂ ಬದಿ ಹೊದಿಕೆ ಇರುವ ಹಲಗೆಯೇ ಬೇಕು, ಮೂರು ಬದಿಯದು ಬೇಡ, ಏಕೆಂದರೆ ಅಲ್ಲಿ ಅಡಿಯೂ ಒದ್ದೆಯಾಗಿರುತ್ತದೆ. ಅದಕ್ಕೂ ಪಾಚಿ ಬರುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ, ಒರೆಸಿದರೆ ಹೋಗುತ್ತದೆ. ಕತ್ತರಿಸಿದ ತುದಿಗಳಿಗೆ ಮುಚ್ಚಳ ಹಾಕಿಸಲಿ. ಮುಂಗಡ ಕೊಡುವ ಮೊದಲು ವಿರಾಜಪೇಟೆ ಸುತ್ತಮುತ್ತ ಎರಡು ಮಳೆಗಾಲ ಕಂಡಿರುವ, ಅದೇ ಹಲಗೆಯ ಒಂದು ಡೆಕ್ ತೋರಿಸಿ ಎಂದು ಅಂಗಡಿಯವರನ್ನು ಕೇಳಲಿ. ತೊಳೆಯುವ ಕ್ರಮವನ್ನೂ ಕೆಳಗೆ ಬಿಡುವ ಗಾಳಿಯ ಅಳತೆಯನ್ನೂ ಕೊಟೇಶನ್ನಿನ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಲಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳುವುದು ಬೇಡ.